ಮರೆವೂ ವ್ಯವಹಾರವೂ

ನೈಯಾಯಿಕರು ಸ್ಮೃತಿಯನ್ನು ಪ್ರಮೆಯೊಳಗೆ ಸೇರಿಸಲಿಲ್ಲ. ಅದು ಸಂಸ್ಕಾರದಿಂದ ಮಾತ್ರ ಹುಟ್ಟುವ ಜ್ಞಾನ. ಹಿಂದಿನ ಅನುಭವದ ನೆರಳೇ ಹೊರತು ವಸ್ತುವಿನ ಹೊಸ ದರ್ಶನವಲ್ಲ. ಆದರೂ ಲೋಕದ ಕೊಡುಕೊಳ್ಳುವಿಕೆಯು ಬಹುಮಟ್ಟಿಗೆ ಈ ನೆರಳನ್ನೇ ನಂಬಿ ನಡೆಯುವುದು. ಹಾಗಿರುವಲ್ಲಿ, ನೆನಪು ತಪ್ಪಿ ಕೆಟ್ಟ ವ್ಯಾಪಾರ ಮಾಡಿದವನು ದೋಷಿಯೆ, ಕೇವಲ ದುರ್ದೈವಿಯೆ?

ಬೆಂಗಳೂರಿನ ಉತ್ತರಭಾಗದಲ್ಲಿ ಈ ಪ್ರಶ್ನೆಗೆ ನೀರೇ ಸಾಕ್ಷಿ. 2021ರ ನವೆಂಬರಿನಲ್ಲಿ ಯಲಹಂಕದ ಕೆರೆ ಉಕ್ಕಿ, ಸಮೀಪದ ದೊಡ್ಡದೊಂದು ವಸತಿಸಮುಚ್ಚಯವನ್ನು ಹೊಕ್ಕಿತು. ನಿವಾಸಿಗಳನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ಮೂರು ವರ್ಷ ತುಂಬುವ ಮೊದಲೇ, 2024ರ ಅಕ್ಟೋಬರಿನಲ್ಲಿ, ನೀರು ಅದೇ ಅಂಗಳಕ್ಕೆ ಮರಳಿತು. ವಿಚಿತ್ರವೇನೆಂದರೆ, ಆ ವರ್ಷದ ಬೇಸಗೆಯಲ್ಲಿ ನಗರದ ಎಲ್ಲರ ಬಾಯಲ್ಲಿದ್ದುದು ಕೊಳವೆಬಾವಿಗಳು ಬತ್ತಿದ ಮಾತು. ಆಗ ಮನೆ ಕೊಳ್ಳಹೋದವನು ‘ನೀರು ಬರುವುದೆ?’ ಎಂದು ಕೇಳಿದ್ದಾನು; ‘ನೀರು ನುಗ್ಗುವುದೆ?’ ಎಂದು ಕೇಳಿರಲಾರನು.

ಇದು ಬುದ್ಧಿಮಾಂದ್ಯವಲ್ಲ. ಸುಲಭವಾಗಿ ನೆನಪಿಗೆ ಬರುವುದನ್ನೇ ಮನಸ್ಸು ಹೆಚ್ಚು ಸಂಭವನೀಯವೆಂದು ಎಣಿಸುವುದೆಂಬುದನ್ನು ಟ್ವರ್ಸ್ಕಿ, ಕಾನೆಮನ್ ಎಂಬ ಮನಶ್ಶಾಸ್ತ್ರಜ್ಞರು 1973ರಲ್ಲಿಯೇ ತೋರಿಸಿದರು. ನಿನ್ನೆಯ ಬರವು ಮೊನ್ನೆಯ ನೆರೆಯನ್ನು ಮರೆಸುವುದು ಸ್ವಭಾವ; ಸ್ವಭಾವವನ್ನು ದೂಷಿಸಿ ಫಲವಿಲ್ಲ.

ಆದರೆ ಹೊರಊರಿನಿಂದ ಬಂದು ಕೊಳ್ಳುವವನು ಮರೆತವನೇ ಅಲ್ಲ. ಅನುಭವವಿಲ್ಲದವನಿಗೆ ಸ್ಮೃತಿಯೆಲ್ಲಿಯದು? ಆ ನೆಲದ ನೆನಪಿರುವುದು ಬೇರೆಡೆ. ಕೋಡಿಯ ನೀರು ಹರಿವ ದಾರಿಯನ್ನು ಊರಿನ ಹಿರಿಯರು ಬಲ್ಲರು. ಗ್ರಾಮನಕ್ಷೆಯಲ್ಲಿ ರಾಜಕಾಲುವೆಯ ಗೆರೆಯುಂಟು. ಅಲ್ಲಾಳಸಂದ್ರ, ಮತ್ತಿಕೆರೆ ಎಂಬ ಹೆಸರುಗಳೇ ಕೂಗಿ ಹೇಳುತ್ತಿವೆ, ಸಂದ್ರವೆಂಬುದು ಸಮುದ್ರವಲ್ಲವೆ? ಕ್ರಯಪತ್ರದಲ್ಲಿ ಆ ಹೆಸರನ್ನು ಬರೆದು ಅದರ ಕೆಳಗೆ ರುಜುಹಾಕುವವನು ಅದರ ಅರ್ಥವನ್ನು ಕೇಳುವುದಿಲ್ಲ. ಋಣಭಾರ ಪ್ರಮಾಣಪತ್ರದಲ್ಲಿ ನೋಂದಾಯಿತವಾದ ಅಡವುಗಳೆಲ್ಲವೂ ದೊರಕುವುವು. ನೆರೆ ಬಂದ ವರ್ಷಕ್ಕೆ ಅಲ್ಲಿ ಅಂಕಣವಿಲ್ಲ.

1882ರ ಸ್ವತ್ತು ವರ್ಗಾವಣೆಯ ಕಾನೂನಿನ 55ನೆಯ ಪ್ರಕರಣವು, ತನಗೆ ತಿಳಿದಿದ್ದು ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಂಡುಕೊಳ್ಳಲಾರದ ಮುಖ್ಯದೋಷವನ್ನು ಮಾರುವವನು ತಿಳಿಸಬೇಕೆಂದು ವಿಧಿಸುವುದು. ‘ಸಾಮಾನ್ಯ ಎಚ್ಚರ’ವೆಂಬ ಈ ಮಾತಿನ ಹಿಂದೆಯೇ ಮೌನವು ಅಡಗಿಕೊಳ್ಳುವುದು. ಮಾರುವವನೆಂದರೆ ಹಣವಂತನಾದ ವರ್ತಕನೇ ಆಗಬೇಕೆಂದಿಲ್ಲ. ಎರಡು ಸಾರಿ ನೆರೆಯಲ್ಲಿ ನಿಂತು, ಬ್ಯಾಂಕಿನ ಸಾಲ ತೀರದೆ, ಹೇಗಾದರೂ ಹೊರಬಿದ್ದರೆ ಸಾಕೆಂದು ಹಂಬಲಿಸುವ ಗೃಹಸ್ಥನ ಪಾಡನ್ನು ಯೋಚಿಸಬೇಕು. ನಿನ್ನೆ ನೆನಪಿಲ್ಲದವನಾಗಿದ್ದಾತನು ಇಂದು ನೆನಪುಳ್ಳವನು. ಹೇಳಿದರೆ ಬೆಲೆ ಇಳಿಯುವುದು, ಸಾಲ ಉಳಿಯುವುದು. ಹೇಳದಿದ್ದರೆ ಕೇಳುವವರೂ ಇಲ್ಲ. ಸುಣ್ಣ ಬಳಿದ ಗೋಡೆಯ ಮೇಲೆ ನೀರಿನ ಗೆರೆ ಕಾಣದು. ಬೇಸಗೆಯಲ್ಲಿ ಮನೆ ನೋಡಬಂದವನು ವಿಚಾರಿಸುತ್ತಿರುವುದು ಕೊಳವೆಬಾವಿಯ ಆಳವನ್ನು.