ಬಿತ್ತಿದವನ ತಪ್ಪಲ್ಲ

ಹರಕೆ ಹೇಳಿಕೊಳ್ಳುವುದು ನಮ್ಮ ಕುಂದಾಪುರದ ಕಡೆಯ ಹೆಂಗಸರಿಗೆ ಉಸಿರಾಡಿದಷ್ಟೇ ಸಹಜ. ಮಗುವಿಗೆ ಜ್ವರ ಬಂದರೆ, ಮಗಳಿಗೆ ಗಂಡು ಸಿಗದಿದ್ದರೆ, ಗಂಡ ಊರು ಬಿಟ್ಟು ದುಡಿಯಲು ಹೊರಟರೆ, ಮೊದಲು ನೆನಪಾಗುವವನು ಕುಂಭಾಶಿಯ ಆನೆಗುಡ್ಡೆ ವಿನಾಯಕ. ಬೇಡಿದ್ದು ಕೈಗೂಡಿದವರು ಬಂದು ತುಲಾಭಾರ ಮಾಡಿಸುತ್ತಾರೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಮಗು, ಇನ್ನೊಂದರಲ್ಲಿ ಬೆಲ್ಲವೋ ಅಕ್ಕಿಯೋ. ತಟ್ಟೆಗಳೆರಡೂ ಸಮನಾದಾಗ ತಾಯಿಯ ಮುಖದಲ್ಲಿ ಋಣ ತೀರಿದ ನಿರಾಳ. ನೋಡಿದವರಿಗೂ ಸಂತೋಷವೇ.

ಆದರೆ ಸಂಕಷ್ಟಿಯ ದಿನದ ಸಾಲಿನಲ್ಲಿ ಬೇಡಿದ್ದು ಕೈಗೂಡದವರೂ ನಿಂತಿರುತ್ತಾರೆ. ಅವರೂ ಅಷ್ಟೇ ಭಕ್ತಿಯಿಂದ ಉಪವಾಸ ಮಾಡಿದವರು, ಅಷ್ಟೇ ಗರಿಕೆ ಏರಿಸಿದವರು. ಮಗು ಉಳಿಯಲಿಲ್ಲ, ರೋಗ ಬಿಡಲಿಲ್ಲ. ತಕ್ಕಡಿಯಲ್ಲಿ ತೂಗಲು ಅವರ ಬಳಿ ಏನೂ ಇಲ್ಲ. ದೇವರಲ್ಲಿ ನಂಬಿಕೆ ಎಂಬ ಮಾತು ಪರೀಕ್ಷೆಗೆ ನಿಲ್ಲುವುದು ಇಂಥವರ ಎದೆಯಲ್ಲಿ.

ಇವರಿಗೆ ನಾವು ಹೇಳುವ ಸಮಾಧಾನವನ್ನು ಒಮ್ಮೆ ಕೇಳಿಸಿಕೊಳ್ಳಬೇಕು. "ಹಿಂದಿನ ಯಾವುದೋ ಹರಕೆ ಮರೆತಿರಬೇಕು", "ಏನೋ ಮೈಲಿಗೆಯಾಗಿರಬೇಕು", "ಮನಸ್ಸಿಟ್ಟು ಬೇಡಿರಲಿಕ್ಕಿಲ್ಲ". ಹೇಳುವವರಿಗೆ ಕೆಟ್ಟ ಮನಸ್ಸಿಲ್ಲ. ಕಾರಣವಿಲ್ಲದ ದುಃಖ ಕಂಡರೆ ನಮಗೆ ಭಯ. ಏನಾದರೊಂದು ಕಾರಣ ಹಚ್ಚಿದರೆ ಆ ದುಃಖ ನಮ್ಮ ಮನೆಗೆ ಬರಲಾರದು ಎಂಬ ಧೈರ್ಯ. ಆದರೆ ಕೇಳಿದವಳಿಗೆ ಒಂದು ದುಃಖ ಎರಡಾಗುತ್ತದೆ. ಕಳೆದುಕೊಂಡದ್ದರ ಜೊತೆಗೆ, ತಾನೇ ಕಳೆದೆನೆಂಬ ಅಪರಾಧವನ್ನೂ ಆಕೆ ಹೊರಬೇಕು.

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಏಳು ಮಂದಿ ಮೀನುಗಾರರೊಡನೆ ಕಾಣೆಯಾದದ್ದನ್ನು ಕರಾವಳಿಯವರು ಮರೆತಿಲ್ಲ. ಎರಡು ದಿನಗಳ ನಂತರ ಸಂಪರ್ಕ ಕಡಿಯಿತು. ಬೋಟಿನ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಆಚೆ ಸಮುದ್ರದ ತಳದಲ್ಲಿ ಪತ್ತೆಯಾಗುವಾಗ 2019ರ ಮೇ ತಿಂಗಳು. ನಡುವಿನ ನಾಲ್ಕೂವರೆ ತಿಂಗಳು ಏಳು ಮನೆಗಳು ಕಾದವು. ಆ ಮನೆಗಳೊಳಗೆ ಏನಿತ್ತೆಂದು ಹೊರಗಿನವರು ಹೇಳುವುದು ಸಲ್ಲದು. ಆದರೆ "ಯಾಕೆ ಹೀಗಾಯಿತು?" ಎಂಬ ಪ್ರಶ್ನೆಗೆ ಆ ಹೆಂಗಸರ ಪೂಜೆಯಲ್ಲೋ ನಡತೆಯಲ್ಲೋ ಉತ್ತರ ಹುಡುಕಲು ಹೊರಟರೆ ಅದೆಂಥ ಕ್ರೌರ್ಯ ಎಂದು ಯಾರಿಗಾದರೂ ಹೊಳೆಯುತ್ತದೆ. ಏಳು ಮನೆಗಳ ವಿಷಯದಲ್ಲಿ ಹೊಳೆಯುವುದು ಪಕ್ಕದ ಮನೆಯ ವಿಷಯದಲ್ಲಿ ಏಕೆ ಹೊಳೆಯುವುದಿಲ್ಲ?

ಈ ಪ್ರಶ್ನೆ ಹಳೆಯದು. ಮಹಾಭಾರತದ ವನಪರ್ವದಲ್ಲಿ ದ್ರೌಪದಿ ಇದನ್ನೇ ಕೇಳುತ್ತಾಳೆ. ಧರ್ಮ ಬಿಡದ ಗಂಡ ಕಾಡಿನಲ್ಲಿ, ಮೋಸ ಮಾಡಿದವರು ಅರಮನೆಯಲ್ಲಿ. ಮಗುವೊಂದು ಗೊಂಬೆಗಳೊಡನೆ ಆಡುವಂತೆ ದೇವರು ನಮ್ಮೊಡನೆ ಆಡುತ್ತಿದ್ದಾನೆಯೇ, ತಂದೆತಾಯಿ ಹೀಗೆ ನಡೆದುಕೊಳ್ಳುತ್ತಾರೆಯೇ ಎಂದು ಆಕೆ ಸಿಡಿಯುತ್ತಾಳೆ. ಧರ್ಮರಾಯ ಆಕೆಯ ಮಾತನ್ನು ನಾಸ್ತಿಕರ ಮಾತೆಂದು ಆಕ್ಷೇಪಿಸುತ್ತಾನೆ. ಆಮೇಲೆ ಅವನು ಹೇಳುವುದರ ಸಾರ ಇದು: ಕೊಡಬೇಕಾದ್ದನ್ನು ಕೊಡುತ್ತೇನೆ, ಮಾಡಬೇಕಾದ್ದನ್ನು ಮಾಡುತ್ತೇನೆ, ಫಲಕ್ಕಾಗಿ ಅಲ್ಲ, ಧರ್ಮವನ್ನು ವ್ಯಾಪಾರ ಮಾಡುವವನು ಹೀನ. ನಮ್ಮ ಹರಕೆಯ ತಕ್ಕಡಿಗೂ ಈ ಮಾತು ಸಲ್ಲುತ್ತದೆ. ತುಲಾಭಾರ ಕೃತಜ್ಞತೆಯಾದರೆ ಚೆಂದ, ಬೆಲೆಯಾದರೆ ಅಲ್ಲ.

ದ್ರೌಪದಿ ಅಲ್ಲಿಗೆ ಸುಮ್ಮನಾಗಲಿಲ್ಲ. ದುಃಖದಲ್ಲಿ ಆಡಿದೆ ಎಂದು ಹೇಳಿ, ಮತ್ತೆ ಒಂದು ಮಾತು ಎತ್ತುತ್ತಾಳೆ. ಬೇಸಾಯಗಾರ ಉಳುತ್ತಾನೆ, ಬಿತ್ತುತ್ತಾನೆ, ಆಮೇಲೆ ಸುಮ್ಮನೆ ಕೂರುತ್ತಾನೆ. ಮುಂದಿನದು ಮಳೆಯ ಕೆಲಸ. ಮಳೆ ಬಾರದೆ ಹೋದರೆ ಅವನ ತಪ್ಪೇನೂ ಇಲ್ಲ, ಉಳಿದವರು ಮಾಡುವುದನ್ನೆಲ್ಲ ಅವನೂ ಮಾಡಿದ್ದಾನೆ. ಬೇಡಿದ್ದು ಕೈಗೂಡದ ಹೆಣ್ಣಿಗೆ ಇದಕ್ಕಿಂತ ದೊಡ್ಡ ಸಾಂತ್ವನ ಎಲ್ಲಿಯೂ ಸಿಗಲಾರದೆಂದು ನನಗನಿಸುತ್ತದೆ. ಇದನ್ನು ಹೇಳಿದವಳೂ ನೊಂದ ಒಬ್ಬ ಹೆಣ್ಣೇ.

ಮಳೆಯ ಮಾತು ಕುಂಭಾಶಿಗೂ ಸೇರಿದ್ದು. ಇಲ್ಲಿಯ ಸ್ಥಳಪುರಾಣದಲ್ಲಿ ನಾಡಿಗೆ ಬರಗಾಲ ಬರುತ್ತದೆ. ಅಗಸ್ತ್ಯ ಮುನಿ ಮಳೆಗಾಗಿ ಯಜ್ಞಕ್ಕೆ ಕೂರುತ್ತಾನೆ. ಆಗಲೇ ಕುಂಭಾಸುರನ ಕಾಟ ಶುರುವಾಗುತ್ತದೆ. ದೇವರ ಕೆಲಸ ಮಾಡುತ್ತಿದ್ದವನಿಗೇ ವಿಘ್ನ! ಯಜ್ಞದಲ್ಲಿ ಲೋಪವಿತ್ತೆಂದು ಕಥೆ ಹೇಳುವುದಿಲ್ಲ. ವನವಾಸದಲ್ಲಿದ್ದ ಭೀಮ ವಿನಾಯಕನಿಂದ ಖಡ್ಗ ಪಡೆದು ಅಸುರನನ್ನು ಕೊಲ್ಲುತ್ತಾನೆ. ಕುಂಭನನ್ನು ಕೊಂದ ಅಸಿ, ಅಂದರೆ ಕತ್ತಿ. ಅದರಿಂದಲೇ ಊರಿಗೆ ಈ ಹೆಸರು. ಕತ್ತಿ ದೇವರದು, ಬೀಸಿದ ತೋಳು ಮನುಷ್ಯನದು. ಮುನಿ ಯಜ್ಞ ಬಿಡಲಿಲ್ಲ, ಭೀಮ ಕೈಕಟ್ಟಿ ನಿಲ್ಲಲಿಲ್ಲ.

ದೇವರ ಇಚ್ಛೆಗೆ ತಲೆಬಾಗುವುದೆಂದರೆ ಈ ಎರಡೂ ಸೇರಿದ್ದು. ಬೋಟು ಕಾಣೆಯಾದಾಗ ಕರಾವಳಿಯ ಮೀನುಗಾರರು ದೇವರಿಗೆ ಕೈಮುಗಿದು ಮನೆಯಲ್ಲಿ ಕೂರಲಿಲ್ಲ. 2019ರ ಜನವರಿ 6ರಂದು ಸಾವಿರಾರು ಮಂದಿ ಸೇರಿ, ಹುಡುಕಿಕೊಡಿ ಎಂದು ಉಡುಪಿಯಲ್ಲಿ ಹೆದ್ದಾರಿಗೇ ಇಳಿದರು. ಅದರಿಂದ ಭಕ್ತಿಗೆ ಕುಂದೇನೂ ಬರಲಿಲ್ಲ. ಹಾಗೆಯೇ ಮನೆಯೊಳಗೆ ಕುಡಿದು ಹೊಡೆಯುವ ಕೈಯನ್ನೂ, ಔಷಧಿಗೆ ದುಡ್ಡು ಬಿಚ್ಚದ ಜಿಪುಣತನವನ್ನೂ "ದೇವರು ಕೊಟ್ಟದ್ದು" ಎಂದು ಸಹಿಸಬೇಕೆಂದು ಯಾರಾದರೂ ಉಪದೇಶಿಸಿದರೆ, ಅದು ದೇವರ ಆಜ್ಞೆಯಲ್ಲ, ಮನುಷ್ಯರ ಅನುಕೂಲ. ಅದಕ್ಕೆ ವಿಧೇಯಳಾಗಬೇಕಾದ ಹಂಗು ಯಾವ ಹೆಣ್ಣಿಗೂ ಇಲ್ಲ.

ಮಾಡುವುದನ್ನೆಲ್ಲ ಮಾಡಿದ ಮೇಲೂ ಉಳಿಯುವ ದುಃಖವೊಂದಿದೆ. ಅದಕ್ಕೆ ಕಾರಣ ನಮಗೆ ಸಿಗುವುದಿಲ್ಲ. ಅಲ್ಲಿ ನಮ್ಮ ಅಜ್ಜಿಯಂದಿರು "ದೇವ್ರಿದ್ದ ಕಾಣಿ" ಎಂದಷ್ಟೇ ಹೇಳಿ, ದುಃಖದ ಮನೆಗೆ ಒಂದು ಪಾತ್ರೆ ಗಂಜಿ ಕಳಿಸುತ್ತಿದ್ದರು. ಯಾಕೆ, ಏನು ಎಂದು ಅವರು ವಿವರಿಸಲು ಹೋಗುತ್ತಿರಲಿಲ್ಲ. ಮರುದಿನ ದೀಪ ಹಚ್ಚುತ್ತಿದ್ದರು, ಹಟ್ಟಿಯ ಸಗಣಿ ಬಾಚುತ್ತಿದ್ದರು, ಮಳೆ ಬೀಳುವ ಭರವಸೆ ಕಾಣದಿದ್ದರೂ ಬೀಜದ ಭತ್ತವನ್ನು ಮುಟ್ಟದೆ ಇಡುತ್ತಿದ್ದರು. ಉತ್ತರ ಸಿಕ್ಕ ಮೇಲೆ ನಂಬುವುದು ಸುಲಭ. ಉತ್ತರವಿಲ್ಲದೆಯೂ ಬೀಜ ಕಾಯ್ದಿಡುವುದನ್ನೇ ನಾನು ನಂಬಿಕೆ ಎಂದು ತಿಳಿದಿದ್ದೇನೆ.