ಹೊಳೆಯಾಚೆಯ ಹಕ್ಕು

2014ರ ಮಳೆಗಾಲದಲ್ಲಿ ತುಂಬು ಬಸುರಿಯೊಬ್ಬಳು ಉಕ್ಕಿ ಹರಿಯುತ್ತಿದ್ದ ಕೃಷ್ಣೆಯನ್ನು ಈಜಿ ದಾಟಿದಳು. ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿ ಅವಳ ಊರು. ಸುತ್ತ ಹೊಳೆ, ನಡುವೆ ಒಂದಿಷ್ಟು ಮನೆ, ಹೊಲ, ದನಕರು. ಇಂಥ ನಡುಗಡ್ಡೆಗೆ ನಮ್ಮಲ್ಲಿ ಗಡ್ಡಿ ಎನ್ನುತ್ತಾರೆ. ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡಿದ್ದಳು, ತಂದೆಯೂ ಒಡಹುಟ್ಟಿದವರೂ ಆಚೀಚೆ ಈಜುತ್ತಿದ್ದರು. ದಡ ಹತ್ತಿ ಕಕ್ಕೇರಾದ ಆಸ್ಪತ್ರೆಯ ದಾರಿ ಹಿಡಿದಳು. ಸುದ್ದಿ ದೇಶದಾಚೆಗೂ ಹೋಯಿತು. ಎಲ್ಲರೂ ಅವಳ ಧೈರ್ಯವನ್ನು ಕೊಂಡಾಡಿದರು. ಧೈರ್ಯ ದೊಡ್ಡದೇ. ಆದರೆ ಹೊಗಳಿಕೆಯ ಸದ್ದಿನಲ್ಲಿ ಕೇಳಬೇಕಾದ ಪ್ರಶ್ನೆ ಉಳಿದೇಹೋಯಿತು. ಹೆರಿಗೆಗೆ ಆಸ್ಪತ್ರೆ ಮುಟ್ಟಲು ಹೆಣ್ಣುಮಗಳು ಧೈರ್ಯವಂತೆ ಆಗಿರಲೇಬೇಕೆ? ಈಜು ಬಾರದವಳು, ನೀರಿಗೆ ಅಂಜುವವಳು, ಜೊತೆಗೆ ಧುಮುಕಲು ಅಣ್ಣತಮ್ಮಂದಿರಿಲ್ಲದವಳು ಏನು ಮಾಡಬೇಕು?

ನಾನು ಇದನ್ನು ಬರೆಯುತ್ತಿರುವುದು ಬಾದಾಮಿ ಬಳಿಯ ಬನಶಂಕರಿಯಲ್ಲಿ ಕುಳಿತು. ಹತ್ತಿರದಲ್ಲೇ ಮಲಪ್ರಭೆ ಹರಿಯುತ್ತದೆ. ಇಲ್ಲಿಯ ದೇವಿಗೆ ಶಾಕಂಭರಿ ಎಂದೂ ಹೆಸರು. ಮಳೆಯಿಲ್ಲದೆ ಜನ ಹಸಿದು ಸಾಯುತ್ತಿದ್ದಾಗ ಆಕೆ ತನ್ನ ಮೈಯಿಂದಲೇ ಸೊಪ್ಪು, ಕಾಯಿಪಲ್ಯ ಬೆಳೆದು ಉಣಿಸಿದಳೆಂಬುದು ಕಥೆ. ಬನದ ಹುಣ್ಣಿಮೆಯ ಜಾತ್ರೆಯ ಹೊತ್ತಿಗೆ ಬಗೆಬಗೆಯ ಪಲ್ಯ ಮಾಡಿ ನೈವೇದ್ಯ ಹಿಡಿಯುತ್ತಾರೆ. ದೇವರನ್ನು ನಂಬದ ನನಗೂ ಈ ಕಥೆ ಪ್ರಿಯ. ಹಸಿದವರಿಗೆ ಯಾರಾದರೂ ಉಣಿಸಲೇಬೇಕು ಎಂಬ ತಿಳಿವಳಿಕೆ ಅದನ್ನು ಕಟ್ಟಿದ ಬರಗಾಲದ ಮಂದಿಗೆ ಇತ್ತು. ಹೊಳೆ ಬಂದಾಗ ಮಾತ್ರ ನಮ್ಮ ಮಾತು ಬದಲಾಗುತ್ತದೆ. ಗಂಗವ್ವ ಮುನಿದಳು, ಹಣೇಬರಹ, ಯಾರೇನು ಮಾಡಲಿಕ್ಕಾಗುತ್ತದೆ ಎನ್ನುತ್ತೇವೆ. ಇದನ್ನು ಒಪ್ಪಲು ನನ್ನಿಂದಾಗದು.

ಮಹಾಬಳೇಶ್ವರದ ಘಟ್ಟದಲ್ಲಿ ಸುರಿದ ಮಳೆ ಕೃಷ್ಣೆಯಲ್ಲಿ ಹರಿದು ನಮ್ಮ ಸೀಮೆಗೆ ಬಂದು ಮುಟ್ಟಲು ದಿನಗಳೇ ಹಿಡಿಯುತ್ತವೆ. ಕೊಯ್ನಾದಿಂದ ಎಷ್ಟು ಬಿಟ್ಟರು, ಆಲಮಟ್ಟಿಗೆ ಎಷ್ಟು ಬಂತು, ನಾರಾಯಣಪುರದ ಬಸವಸಾಗರದಿಂದ ಎಷ್ಟು ಹೊರಗೆ ಹೋಗುತ್ತಿದೆ ಎಂಬ ಲೆಕ್ಕ ಕ್ಯೂಸೆಕ್‌ನಲ್ಲಿ ದಿನದಿನವೂ ಸಿಗುತ್ತದೆ. ಮಲಪ್ರಭೆಯ ಕಥೆಯೂ ಹಾಗೆಯೇ, ಮೇಲೆ ನವಿಲುತೀರ್ಥದ ಗೇಟುಗಳಿವೆ, ನಡುವೆ ಬೆಣ್ಣಿಹಳ್ಳ ಬಂದು ಸೇರುತ್ತದೆ. ಅಣೆಕಟ್ಟೆಯ ಸುರಕ್ಷತೆಗಾಗಿ ನೀರು ಬಿಡಬೇಕಾಗುತ್ತದೆ, ಅದರಲ್ಲಿ ತಪ್ಪಿಲ್ಲ. ಆದರೆ ಗೇಟು ಎತ್ತುವುದು ಮನುಷ್ಯರು. ಎಷ್ಟು ನೀರು ಬಿಟ್ಟರೆ ಯಾವ ಗಡ್ಡಿಯ ದಾರಿ ಮುಚ್ಚುತ್ತದೆ ಎಂಬುದು ಅವರಿಗೆ ಮುಂಚೆಯೇ ಗೊತ್ತಿರುತ್ತದೆ. ಗೊತ್ತಿದ್ದು ದಾರಿ ಮುಚ್ಚಿದವರ ಮೇಲೆ ಬದಲಿ ದಾರಿ ಕೊಡುವ ಹೊಣೆ ಬೀಳುತ್ತದೆ. ಜಲಾಶಯ ತುಂಬಿದಾಗ ಮುಖ್ಯಮಂತ್ರಿಗಳು ಬಂದು ಬಾಗಿನ ಅರ್ಪಿಸುವ ಪದ್ಧತಿ ನಮ್ಮಲ್ಲಿದೆ. ಆ ದಿನದೊಳಗೆ ಕೆಳಗಿನ ಪ್ರತಿ ಗಡ್ಡಿಯ ದಡದಲ್ಲೂ ಮೋಟಾರು ದೋಣಿಯೊಂದು, ಅದನ್ನು ನಡೆಸಬಲ್ಲವನೊಬ್ಬ ನಿಂತಿರಬೇಕೆಂದು ಕೇಳುವುದು ಅತಿಯಾಸೆ ಆಗಲಾರದು.

ಇದೆಲ್ಲ ಆಗದ ಮಾತು ಎನ್ನುವವರು ಒಮ್ಮೆ ಹುನಗುಂದ ಸೀಮೆಯ ಕೂಡಲಸಂಗಮಕ್ಕೆ ಹೋಗಿಬರಲಿ. ನಾರಾಯಣಪುರದ ಹಿನ್ನೀರು ಅಲ್ಲಿಯವರೆಗೂ ಚಾಚಿದೆ. ಬಸವಣ್ಣನವರ ಐಕ್ಯಸ್ಥಳ ಆ ನೀರಿನಲ್ಲಿ ಮುಳುಗಿಹೋಗಬೇಕಿತ್ತು. ಮುಳುಗಲು ಬಿಡಲಿಲ್ಲ. ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿ, ದಡದಿಂದ ಅಲ್ಲಿಗೆ ಸೇತುವೆ ಕಟ್ಟಿ, ಒಳಗೆ ಇಳಿಯಲು ಮೆಟ್ಟಿಲು ಮಾಡಿದರು. ಹೊರಗೆ ಹೊಳೆ ತುಂಬಿ ನಿಂತಿದ್ದರೂ ಒಳಗೆ ಭಕ್ತರು ಒಣ ನೆಲದ ಮೇಲೆ ನಿಂತು ಕೈಮುಗಿಯುತ್ತಾರೆ. ಒಳ್ಳೆಯ ಕೆಲಸ, ನನಗೆ ಅದರ ಬಗ್ಗೆ ಹೆಮ್ಮೆಯಿದೆ. ಒಂದು ಸ್ಥಳ ಉಳಿಯಬೇಕೆಂದು ನಿಜವಾಗಿ ಅನ್ನಿಸಿದರೆ ಹಣ, ಎಂಜಿನಿಯರು, ಸಿಮೆಂಟು ಎಲ್ಲ ಕೂಡಿಬರುತ್ತವೆ ಎಂಬುದಕ್ಕೆ ಅದು ಸಾಕ್ಷಿ. ಕಾಯಕ ಮಾಡುವವನ ಮೈಯನ್ನೇ ಗುಡಿಯೆಂದು ಕಂಡ ಶರಣರ ನಾಡಿನಲ್ಲಿ, ಅದೇ ಹೊಳೆಯ ಕೆಳಗಿನ ಗಡ್ಡಿಯಲ್ಲಿ ಜೀವಂತ ಇರುವವರಿಗೂ ಅಷ್ಟೇ ಮುತುವರ್ಜಿ ಸಲ್ಲಬೇಕು.

ಅವರು ಅಲ್ಲಿಂದ ಎದ್ದು ಬರಬಾರದೇಕೆ ಎಂಬ ಪ್ರಶ್ನೆ ಪೇಟೆಯವರ ಬಾಯಲ್ಲಿ ಸದಾ ಸಿದ್ಧವಾಗಿರುತ್ತದೆ. ಲಿಂಗಸುಗೂರು ತಾಲೂಕಿನ ಕರಕಲಗಡ್ಡಿ, ಮ್ಯಾದರಗಡ್ಡಿ, ವೆಂಕಮ್ಮನಗಡ್ಡಿಯ ಹೆಸರು ನೆರೆ ಬಂದಾಗಲೆಲ್ಲ ಪತ್ರಿಕೆಯಲ್ಲಿ ಬರುತ್ತದೆ, ಅಧಿಕಾರಿಗಳು ಕರೆದರೂ ಕೆಲವು ಕುಟುಂಬಗಳು ಬರಲಿಲ್ಲ ಎಂಬ ಒಕ್ಕಣೆಯೊಂದಿಗೆ. ಓದಿದವರು ಅದನ್ನು ಹಟ ಎನ್ನುತ್ತಾರೆ. ಹೊಲ ಅಲ್ಲಿದೆ, ಆಡು ಕುರಿ ಎಮ್ಮೆ ಅಲ್ಲಿವೆ. ಗಂಜಿ ಕೇಂದ್ರದಲ್ಲಿ ಮನುಷ್ಯನಿಗೆ ಚಾಪೆ ಸಿಗುತ್ತದೆ, ಎಮ್ಮೆಗೆ ಗೂಟ ಸಿಗುವುದಿಲ್ಲ. ದನ ಬಿಟ್ಟುಬಂದವನು ವಾಪಸು ಹೋಗುವ ಹೊತ್ತಿಗೆ ವರ್ಷದ ಬದುಕೇ ಹೋಗಿರುತ್ತದೆ. ಲಾಭನಷ್ಟವನ್ನು ಅವರಷ್ಟು ಚೊಕ್ಕಾಗಿ ತೂಗಿ ನೋಡಿದವರು ಬೇರೆ ಯಾರೂ ಇಲ್ಲ.

ಎದ್ದು ಬಂದವರ ಗತಿ ಏನಾಯಿತೆಂಬುದನ್ನು ನಮ್ಮ ಬಾದಾಮಿ, ಹುನಗುಂದ ಸೀಮೆಯವರೇ ಹೇಳಬಲ್ಲರು. 2009ರ ನೆರೆಯ ನಂತರ ಮಲಪ್ರಭೆಯ ದಂಡೆಯ ಊರುಗಳಿಗೆ ಎತ್ತರದ ಜಾಗದಲ್ಲಿ ಆಸರೆ ಮನೆಗಳನ್ನು ಕಟ್ಟಿದರು. ದಾನಿಗಳೂ ಸರ್ಕಾರವೂ ಕೈಜೋಡಿಸಿ ಮಾಡಿದ ಕೆಲಸ, ಉದ್ದೇಶ ಒಳ್ಳೆಯದೇ. ಆದರೆ ಎಷ್ಟೋ ಆಸರೆ ಮನೆಗಳು ಖಾಲಿ ಉಳಿದು, ಜನ ಹಳೆಯ ಊರಿಗೇ ಮರಳಿದರು. ಅವಿಭಕ್ತ ಕುಟುಂಬಕ್ಕೆ ಆ ಮನೆ ಸಾಲದು, ದನ ಕಟ್ಟಲು ಜಾಗವಿಲ್ಲ, ಮೇವಿನ ಬಣವೆ ಒಟ್ಟಲು ಹಿತ್ತಲಿಲ್ಲ, ಹೊಲ ದೂರ. ಮನೆ ಕಟ್ಟುವ ಮುಂಚೆ ಅದರಲ್ಲಿ ಬಾಳಬೇಕಾದ ಹೆಂಗಸನ್ನು ಕೇಳಿದ್ದರೆ ಇಷ್ಟೆಲ್ಲ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಿದ್ದಳು.

2019ರ ಆಗಸ್ಟ್‌ನಲ್ಲಿ ಹೊಳೆ ಮತ್ತೆ ಬಂತು. ಪಟ್ಟದಕಲ್ಲಿನ ಗುಡಿಗಳು ನೀರಿನಲ್ಲಿ ನಿಂತ ಚಿತ್ರ ಎಲ್ಲೆಡೆ ಹರಿದಾಡಿತು. 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಗುಡಿಗಳು, ಮನಸ್ಸು ಕಳವಳಗೊಂಡದ್ದು ಸಹಜ. ಅವುಗಳ ಪಕ್ಕದ ಮಣ್ಣಿನ ಮನೆಗಳ ಚಿತ್ರ ಅಷ್ಟು ದೂರ ಹೋಗಲಿಲ್ಲ. ಆಗ ಕೈಹಿಡಿದವರು ನೆರೆಯಿಲ್ಲದ ಊರುಗಳ ಜನ. ಮನೆಮನೆಯಲ್ಲಿ ಜೋಳದ ರೊಟ್ಟಿ ಬಡಿದು, ಶೇಂಗಾ ಚಟ್ನಿಯೊಂದಿಗೆ ಗಂಟು ಕಟ್ಟಿ ಗಾಡಿ ತುಂಬಿ ಕಳಿಸಿದರು. ಶಾಕಂಭರಿಯ ಕಥೆ ನಿಜವಾದದ್ದು ಅಲ್ಲಿ. ಆದರೂ ರೊಟ್ಟಿ ಕೊಟ್ಟವರ ಕರುಣೆಯ ಮೇಲೆ ಒಂದು ಊರಿನ ಭವಿಷ್ಯ ನಿಲ್ಲಲಾಗದು. ಮುಂದಿನ ಸಲ ಅವರ ಊರಿಗೇ ಹೊಳೆ ನುಗ್ಗಬಹುದು.

ಮುಂದೆ ಇನ್ನೂ ದೊಡ್ಡ ಮುಳುಗಡೆ ಕಾದಿದೆ. ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೆಯ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಏರಿಸಿದರೆ ಸುಮಾರು 75 ಸಾವಿರ ಎಕರೆ ಭೂಮಿ, 20 ಹಳ್ಳಿಗಳು ನೀರಿಗೆ ಹೋಗುತ್ತವೆ. ಬಾಗಲಕೋಟೆಯವರಿಗೆ ಇದು ಹೊಸದಲ್ಲ, ಅರ್ಧ ಊರನ್ನು ಹಿನ್ನೀರಿಗೆ ಕೊಟ್ಟು ನವನಗರಕ್ಕೆ ಹೋದವರು ಅವರು. ಪರಿಹಾರದ ಚರ್ಚೆಯೆಲ್ಲ ನಡೆದದ್ದು ಎಕರೆಗೆ ಎಷ್ಟು ಎಂಬುದರ ಸುತ್ತ. ನೀರಾವರಿಗೆ ಒಂದು ದರ, ಒಣ ಬೇಸಾಯಕ್ಕೆ ಇನ್ನೊಂದು. ರೈತ ತನ್ನ ದರಕ್ಕಾಗಿ ಹೋರಾಡಲೇಬೇಕು, ನಾನು ಅವನ ಪರ. ಆದರೆ ಎಕರೆಯೇ ಇಲ್ಲದವರಿದ್ದಾರೆ. ಆ ಹೊಲದಲ್ಲಿ ಕಳೆ ತೆಗೆದವಳು, ಕಬ್ಬು ಕಡಿದವನು, ಹೊಳೆಯಲ್ಲಿ ಮೀನು ಹಿಡಿದವನು. ಭೂಮಿಯಿರುವ ಮನೆಗಳಲ್ಲೂ ಪಹಣಿಯಲ್ಲಿ ಹೆಂಡತಿಯ ಹೆಸರು ಇರುವುದು ಅಪರೂಪ. ಊರು ಮುಳುಗಿದಾಗ ಇವರ ಕೂಲಿ, ಉದ್ರಿ ಕೊಡುವ ಅಂಗಡಿ, ಕಷ್ಟಕ್ಕಾಗುವ ಓಣಿ ಎಲ್ಲವೂ ಮುಳುಗುತ್ತವೆ. ಪರಿಹಾರದ ಪಟ್ಟಿಯಲ್ಲಿ ಇವಕ್ಕೆ ಕಲಮೇ ಇಲ್ಲದಿದ್ದರೆ ಆ ಪಟ್ಟಿ ನ್ಯಾಯದ್ದಲ್ಲ.

ಗಡ್ಡಿಯ ಹುಡುಗರ ಮುಂದಿನ ದಾರಿ ಯಾವುದು? ಮಾಸ್ತರರು ಆಚೆ ದಡದಲ್ಲಿ ನಿಂತುಬಿಟ್ಟರೆ ಈಚೆ ಶಾಲೆಯ ಬೀಗ ತೆಗೆಯುವವರಿಲ್ಲ. ನಮ್ಮ ಹುನಗುಂದ, ಬಾದಾಮಿಯ ಒಣಭೂಮಿಯ ಮಕ್ಕಳು ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ಗುಳೆ ಹೋದಂತೆ ಅವರೂ ಹೋಗುತ್ತಾರೆ. ಹೋಗುವುದು ಕೆಟ್ಟದ್ದೆಂದು ನಾನು ಹೇಳಲಾರೆ. ಓದಿ, ಬಯಸಿ ಹೋದರೆ ಅದು ಬೆಳವಣಿಗೆ. ಉಳಿಯಲಿಕ್ಕಾಗದೆ ಹೋದರೆ ಅದೂ ಒಂದು ಬಗೆಯ ಮುಳುಗಡೆಯೇ.

ನೀರಿನ ನಡುವೆ ಇರುವವರನ್ನು ಮುಟ್ಟುವ ದಾರಿಗಳನ್ನು ಬೇರೆಯವರು ಕಂಡುಕೊಂಡಿದ್ದಾರೆ. 17 ಸಾವಿರಕ್ಕೂ ಹೆಚ್ಚು ದ್ವೀಪಗಳಿರುವ ಇಂಡೊನೇಷ್ಯಾದಲ್ಲಿ ದೂರದ ದ್ವೀಪಗಳಿಗೆ ಸಾಮಾನು ಸಾಗಿಸುವ ಹಡಗುಗಳಿಗೆ ಸರ್ಕಾರ 2015ರಿಂದ ಸಹಾಯಧನ ಕೊಡುತ್ತಿದೆ. ಅಲ್ಲಿಯ ವೈದ್ಯ ಲೀ ಧರ್ಮವಾನ್ 2013ರಲ್ಲಿ ಹಡಗಿನ ಮೇಲೆಯೇ ಆಸ್ಪತ್ರೆ ನಡೆಸತೊಡಗಿದರು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಅಸ್ಸಾಮಿನಲ್ಲಿ ಬ್ರಹ್ಮಪುತ್ರೆಯ ನಡುಗಡ್ಡೆಗಳಿಗೆ 2005ರಿಂದ ದೋಣಿ ಆಸ್ಪತ್ರೆಗಳು ಹೋಗುತ್ತಿವೆ, ವೈದ್ಯರು, ದಾದಿಯರು, ಔಷಧ ಸಮೇತ. ಬಾಂಗ್ಲಾದೇಶದಲ್ಲಿ 2002ರಿಂದ ದೋಣಿಯೇ ಶಾಲೆಯಾಗಿ ಮಕ್ಕಳ ಮನೆಯ ಹತ್ತಿರ ಬಂದು ನಿಲ್ಲುತ್ತಿದೆ. ಕ್ಯೂಬಾ ದೇಶ ದೂರದ ಹಳ್ಳಿಗಳ ಬಸುರಿಯರು ದಿನ ತುಂಬುವ ಮುನ್ನವೇ ಬಂದು ಇರಲೆಂದು ಆಸ್ಪತ್ರೆಗಳ ಹತ್ತಿರ ತಂಗುಮನೆಗಳನ್ನು 1962ರಿಂದಲೇ ನಡೆಸುತ್ತ ಬಂದಿದೆ. ಇವುಗಳಲ್ಲಿ ನಮಗೆ ಆಗದಂಥದ್ದು ಒಂದೂ ಇಲ್ಲ.

ಮೇ ತಿಂಗಳಲ್ಲೇ ಆಶಾ ಕಾರ್ಯಕರ್ತೆ ಗಡ್ಡಿಯ ಮನೆಮನೆಗೆ ಹೋಗಿ ಜುಲೈನಿಂದ ಅಕ್ಟೋಬರ್‌ವರೆಗೆ ದಿನ ತುಂಬುವವರ ಹೆಸರು ಬರೆದುಕೊಳ್ಳಲಿ. ಹೊಳೆ ಏರುವ ಮುನ್ನ ಅವರಿಗೆ ತಾಲೂಕು ಆಸ್ಪತ್ರೆಯ ಪಕ್ಕ ಒಂದು ಕೋಣೆ ಸಿಗಲಿ, ಜೊತೆಗೆ ಅತ್ತೆಯೋ ತಾಯಿಯೋ, ಎತ್ತಿಕೊಳ್ಳಬೇಕಾದ ದೊಡ್ಡ ಕೂಸೋ ಇರುವಷ್ಟು ಜಾಗ ಇರಲಿ. ಕಳೆದುಕೊಳ್ಳುವ ಕೂಲಿಯನ್ನು ಸರ್ಕಾರ ತುಂಬಿಕೊಡಲಿ. ಹೆರಿಗೆಗೆ ಹೋದವಳು ಮರಳಿ ಬರುವತನಕ ಮನೆಯ ಎಮ್ಮೆಗೆ ಮೇವು ಹಾಕಿ ಹಾಲು ಹಿಂಡುವವರು ಯಾರು ಎಂಬುದನ್ನೂ ಅದೇ ಪಟ್ಟಿಯಲ್ಲಿ, ಅವಳ ಹೆಸರಿನ ಮುಂದೆಯೇ ಬರೆದಿಡಬೇಕು.