ಆಹಾರಶುದ್ಧಿ ಮತ್ತು ಪರೀಕ್ಷೆಯೊಳಗಿನ ಹಿಂಸೆ

ಮುಂಬಯಿಯ ವಿಲೆ ಪಾರ್ಲೆಯಲ್ಲಿ ನೆಲೆಸಿರುವ ಗುಜರಾತಿ ಜೈನ ಮನೆತನಗಳಲ್ಲಿ, ವ್ರತನಿಷ್ಠರ ಅಡುಗೆಗೆ ಆಲೂಗಡ್ಡೆ, ಈರುಳ್ಳಿಗಳು ನಿಷಿದ್ಧವಾದರೂ, ನೆಲದೊಳಗೆ ಬಲಿಯುವ ಶೇಂಗಾ ಬೇರೂ ಅಲ್ಲ, ಗೆಡ್ಡೆಯೂ ಅಲ್ಲವೆಂಬ ಕಾರಣಕ್ಕೆ ಸಾಮಾನ್ಯವಾಗಿ ಸಲ್ಲುತ್ತದೆ. ಬೂಷ್ಟು ಹಿಡಿದ ಪದಾರ್ಥ ಮಾತ್ರ, ಒಂದೇ ಕಾಯದಲ್ಲಿ ಅನಂತ ಜೀವಗಳಿರುವ ‘ಅನಂತಕಾಯ’ವೆಂದು ಎಣಿಸಲ್ಪಟ್ಟು, ಅಭಕ್ಷ್ಯವಾಗುತ್ತದೆ. ಆದರೆ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರವು ಶೇಂಗಾ, ಮೆಕ್ಕೆಜೋಳಗಳಲ್ಲಿ ಸ್ರವಿಸುವ ಅಫ್ಲಾಟಾಕ್ಸಿನ್ ಎಂಬ ವಿಷವು ಬೂಷ್ಟನ್ನು ಒರೆಸಿದ ಮೇಲೂ ಉಳಿಯುತ್ತದೆ, ಹುರಿದರೂ ಪೂರ್ತಿ ನಾಶವಾಗುವುದಿಲ್ಲ. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಗಡಿಭಾಗದಲ್ಲಿ ಇಂಥ ಮೆಕ್ಕೆಜೋಳ ತಿಂದು 106 ಜನ ಯಕೃತ್ತಿನ ಬೇನೆಯಿಂದ ಸತ್ತರು. ಕಣ್ಣಳತೆಯ ಶುದ್ಧಿ ಇಲ್ಲಿ ಸಾಲದು.

ಆದ್ದರಿಂದ ಪರೀಕ್ಷೆ ಬೇಕು; ತೊಡಕು ಹುಟ್ಟುವುದೂ ಅಲ್ಲಿಯೇ. ಬಳಕೆಯಲ್ಲಿರುವ ಪರೀಕ್ಷಾಪಟ್ಟಿಗಳು ಬಹುಮಟ್ಟಿಗೆ ಪ್ರತಿಕಾಯವನ್ನು, ಅಂದರೆ ಹೊರಗಿನ ವಸ್ತುವನ್ನು ಹಿಡಿದು ಕಟ್ಟುವ ಪ್ರೋಟೀನನ್ನು ಅವಲಂಬಿಸಿದ್ದು, ಅದನ್ನು ಪಡೆಯಲು ವಿಷದ ಅಣುವನ್ನು ಮತ್ತೊಂದು ಪ್ರೋಟೀನಿಗೆ ಜೋಡಿಸಿ ಮೊಲಕ್ಕೋ ಇಲಿಗೋ ಚುಚ್ಚಿ, ಅದರ ರಕ್ತವನ್ನು ಅಥವಾ ಗುಲ್ಮದ ಜೀವಕೋಶಗಳನ್ನು ತೆಗೆಯಬೇಕಾಗುತ್ತದೆ. ಜೈನರ ಪ್ರಮಾಣಗ್ರಂಥವಾದ ತತ್ತ್ವಾರ್ಥಸೂತ್ರವು ಕರ್ಮವನ್ನು ತಾನೇ ಮಾಡುವ ಕೃತ, ಬೇರೆಯವರಿಂದ ಮಾಡಿಸುವ ಕಾರಿತ, ಮಾಡಿದ್ದನ್ನು ಒಪ್ಪುವ ಅನುಮತ ಎಂದು ಮೂರಾಗಿ ಎಣಿಸುತ್ತದೆ. ಶುದ್ಧ ಶೇಂಗಾವನ್ನು ಬಯಸುವವನು ಮೊದಲೆರಡರಿಂದ ಪಾರಾದರೂ ಮೂರನೆಯದರಿಂದ ಪಾರಾಗುವುದು ಕಷ್ಟ.

ಅಣುಮುದ್ರಿತ ಪಾಲಿಮರ್ ಎಂಬ ಕೃತಕ ವಸ್ತುವು ಈ ಬಿಕ್ಕಟ್ಟಿಗೆ ಒಂದು ದಾರಿಯನ್ನು ತೋರಿಸುತ್ತದೆ. ಅಚ್ಚಿನ ಅಣುವೊಂದರ ಸುತ್ತ ಪಾಲಿಮರನ್ನು ಬೆಳೆಸಿ, ಬಳಿಕ ಆ ಅಣುವನ್ನು ತೊಳೆದು ತೆಗೆದರೆ ಅದರ ಆಕಾರದ ಪೊಳ್ಳುಗಳು ಉಳಿಯುತ್ತವೆ. ವಿಷದ ಅಣು ಅಲ್ಲಿ ಬಂದು ಕೂರುತ್ತದೆ. ಅಫ್ಲಾಟಾಕ್ಸಿನ್ನನ್ನೇ ಅಚ್ಚಾಗಿ ಬಳಸುವುದು ಅಪಾಯಕಾರಿಯಾದ ಕಾರಣ, ರಚನೆಯಲ್ಲಿ ಅದನ್ನು ಹೋಲುವ 5,7-ಡೈಮೆಥಾಕ್ಸಿಕೂಮರಿನ್ನನ್ನು ಬಳಸಿದ್ದೂ ಉಂಟು. ಪ್ರಾಣಿಯ ಪಾತ್ರ ಇಲ್ಲಿ ಮುಗಿಯಿತು.

ಹಿಂಸೆಯ ಪ್ರಶ್ನೆ ಮಾತ್ರ ಮುಗಿಯಲಿಲ್ಲ. ತತ್ತ್ವಾರ್ಥಸೂತ್ರವೇ ಪ್ರಮಾದದಿಂದ, ಎಂದರೆ ಎಚ್ಚರಗೇಡಿತನದಿಂದ ಆಗುವ ಪ್ರಾಣಹಾನಿಯನ್ನು ಹಿಂಸೆಯೆಂದು ನಿರೂಪಿಸುತ್ತದೆ; ಪರೀಕ್ಷೆಯ ಕೊರತೆಯನ್ನು ಕಡೆಗಣಿಸುವುದೂ ಅಂಥ ಪ್ರಮಾದವೇ. ಪಾಲಿಮರಿನ ಪೊಳ್ಳುಗಳು ಎಲ್ಲವೂ ಒಂದೇ ತೆರನಾಗಿರದೆ, ಬೇರೆ ಅಣುಗಳಿಗೂ ಎಡೆಕೊಡುವುದುಂಟು. ಪ್ರಾಣಿಯನ್ನು ಉಳಿಸಿತೆಂಬ ಒಂದೇ ಸಮಾಧಾನದಿಂದ ದುರ್ಬಲ ಪರೀಕ್ಷೆಯನ್ನು ಒಪ್ಪಿಕೊಂಡರೆ, ಮೊಲಕ್ಕೆ ತಪ್ಪಿದ ಹಿಂಸೆ ಉಣ್ಣುವವನ ಯಕೃತ್ತಿಗೆ ವರ್ಗವಾಗುತ್ತದೆ. ಸಂಸ್ಕರಣೆಗೆ ಹೋಗುವ ಶೇಂಗಾಕ್ಕೆ ಅಂತರರಾಷ್ಟ್ರೀಯ ಆಹಾರ ಸಂಹಿತೆಯಾದ ಕೋಡೆಕ್ಸ್ ವಿಧಿಸಿರುವ ಅಫ್ಲಾಟಾಕ್ಸಿನ್ನಿನ ಮಿತಿ ಕಿಲೋಗ್ರಾಮಿಗೆ 15 ಮೈಕ್ರೋಗ್ರಾಂ. ಆ ಮಿತಿಯ ಆಸುಪಾಸಿನಲ್ಲಿ ಪ್ರತಿಕಾಯದಷ್ಟೇ ನಂಬಿಕೆಗೆ ಅರ್ಹವಾದ ಪಾಲಿಮರಿಗೆ ಮಾತ್ರ ಅಹಿಂಸೆಯ ಸಾಧನವೆಂಬ ಹೆಸರು ಸಲ್ಲುತ್ತದೆ.